ಅರಿಶಿನದ ಚೀಲದಲ್ಲಿ ಬೇವಿನೆಲೆ

ಆಕ್ಲೆಂಡಿನ ಬಂದರಿನ ಹತ್ತಿರದ ಗೋದಾಮಿನಲ್ಲಿ ಮೊದಲ ಚೀಲದ ಬಾಯಿ ಬಿಚ್ಚಿದಾಗ ನನ್ನ ಜೀವ ಬಾಯಿಗೆ ಬಂತು. ಅರಿಶಿನ ಕೊಂಬುಗಳ ನಡುವೆ ಒಣಗಿದ ಬೇವಿನೆಲೆ, ಕಡ್ಡಿ ಸಮೇತ, ಹಿಡಿಗಟ್ಟಲೆ. ತಪಾಸಣೆಯ ಅಧಿಕಾರಿ ಒಬ್ಬ ಎತ್ತರದ ಹೆಂಗಸು. ಆಕೆ ಕೈಗವಸಿನ ಬೆರಳಲ್ಲಿ ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದಳು. ಹೊರಗಿನ ಹುಳ, ರೋಗ ಬಂದೀತೆಂದು, ಕೈಚೀಲದಲ್ಲಿ ಒಂದು ಸೇಬು ಮರೆತು ವಿಮಾನ ಇಳಿದವರಿಗೂ ದಂಡ ಹಾಕುವ ದೇಶ ಇದು. ನಾವು ಚೀಲಗಟ್ಟಲೆ ಎಲೆ ತಂದು ನಿಂತಿದ್ದೆವು.

ಓದು ಮುಗಿಸಿದ ನಾನು ಆಗ ಸ್ಯಾಂಡ್ರಿಂಗಮ್ ರಸ್ತೆಯಲ್ಲಿ ಹುಬ್ಬಳ್ಳಿಯ ಅಂಕಲ್ ಒಬ್ಬರ ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಪೆಸಿಫಿಕ್ಕಿನ ಪುಟ್ಟ ದ್ವೀಪದೇಶಗಳು ಬೆಳೆದದ್ದಕ್ಕೆ ಇಲ್ಲಿ ಸುಂಕವಿಲ್ಲ ಎಂಬ ಒಪ್ಪಂದವಿದೆಯೆಂದು ಅಂಕಲ್‌ಗೆ ಮಸೀದಿಯಲ್ಲಿ ಫಿಜಿಯವರೊಬ್ಬರು ಹೇಳಿದ್ದರು. ಫಿಜಿಯಲ್ಲಿ ಈ ಅರಿಶಿನ ಬೆಳೆದ ವಿಧವೆಯನ್ನು ಪರಿಚಯಿಸಿದವರೂ ಅವರೇ. ಕಬ್ಬು ಬೆಳೆಯುತ್ತಿದ್ದ ಗುತ್ತಿಗೆಯ ಹೊಲ ಅವಧಿ ಮುಗಿದು ಆಕೆಯ ಕೈಬಿಟ್ಟಿತ್ತು. ಅದಕ್ಕೇ ತಮ್ಮನ ಮನೆ ಸೇರಿ, ಅಲ್ಲಿನ ಹಿತ್ತಲಲ್ಲಿ ಅರಿಶಿನ ಹಾಕಿದ್ದರು. ಮಾಲು ಎರಡು ಕಂತಿನಲ್ಲಿ ಬರುವುದೆಂದು ಮಾತಾಗಿತ್ತು. ನಮ್ಮನ್ನು ಬಿಟ್ಟರೆ ಬೇರೆ ಗಿರಾಕಿಯಿರಲಿಲ್ಲ, ತಮ್ಮನ ಹೆಂಡತಿ ಆಗಲೇ ಮುಖ ಗಂಟು ಹಾಕತೊಡಗಿದ್ದಳು. ಈ ಮಾಲು ದಾಟದಿದ್ದರೆ ಆ ಮನೆಯಲ್ಲಿ ಅವರಿಗೆ ಜಾಗವಿರಲಿಲ್ಲ. "ಬಾಗಲಾ ತಗದೈತಿ ಬೇಟಾ, ಸಣ್ಣ ದೇಶದವ್ರೂ ನಾಕ ರೊಕ್ಕ ನೋಡ್ಲಿ," ಎನ್ನುತ್ತಿದ್ದರು ಅಂಕಲ್. ಸುಂಕದ ಬಾಗಿಲ ಹಿಂದೆ ಹುಳುಹುಪ್ಪಟೆ ತಪಾಸಣೆಯ ಬಾಗಿಲೊಂದಿದೆ ಎಂದು ನಾನು ಬಡಕೊಂಡರೂ ನಗುತ್ತಿದ್ದರು.

ಎಲೆ ಯಾಕೆ ಬಂತು ಎಂದು ನಮ್ಮಿಬ್ಬರಿಗೂ ಯಾರೂ ಹೇಳಬೇಕಿರಲಿಲ್ಲ. ನಮ್ಮಜ್ಜಿ ಜೋಳದ ಚೀಲಕ್ಕೆ ಹುಳ ಹತ್ತದಿರಲೆಂದು ಬೇವು ಹಾಕುತ್ತಿದ್ದಳು. ಫಿಜಿಗೆ ಕಬ್ಬಿನ ಕೂಲಿಗೆಂದು ಹಡಗು ಹತ್ತಿದವರ ಜತೆ ಆ ಬುದ್ಧಿಯೂ ಹೋಗಿತ್ತು. ಅಷ್ಟು ಮುತುವರ್ಜಿಯಿಂದ ಮಾಡಿದ್ದೇ ಈಗ ಕುತ್ತಿಗೆಗೆ ಬಂದಿತ್ತು. ಅಧಿಕಾರಿ, ಒಂದೆರಡು ದಿನದಲ್ಲಿ ತೀರ್ಮಾನ ತಿಳಿಸುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ಚೀಲಗಳ ಸುತ್ತ ಪಟ್ಟಿ ಕಟ್ಟಿ ಹೋದಳು.

"ಸುಟ್ಟ ಹಾಕ್ತಾರ್ರಿ ಅಂಕಲ್," ಎಂದೆ.

"ಸುಮ್ಕಿರ ಬೇಟಾ," ಎಂದರು ಅಂಕಲ್. ಫಿಜಿಯ ಆ ವಿಧವೆಗೆ ಫೋನ್ ಹಚ್ಚಿ, ಹುಳದ ತಪಾಸಣೆ ನಡೆಯುತ್ತಿದೆ, ಚಿಂತೆ ಬೇಡ, ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಎಲೆಯ ವಿಷಯ ಯಾಕೆ ಹೇಳಲಿಲ್ಲ ಎಂದು ಜಗಳಕ್ಕೇ ಬಿದ್ದೆ.

"ಆಕಿ ಮೊದ್ಲ ಅಂಜ್ಯಾಳ. ನಿನ್ನಿಂದ ಹಿಂಗಾತು ಅಂತ ಹೆಂಗ ಹೇಳ್ಲಿ? ಮಾಲ್ ಬಿಡಿಸ್ಕೊಂಡ ಮ್ಯಾಲೆ ಹೇಳೂಣು," ಎಂದರು. ತಮ್ಮ ಕೈಯಲ್ಲಿದ್ದ ಚಹಾದ ಲೋಟವನ್ನು ಕುಡಿಯದೇ ನನಗೆ ಕೊಟ್ಟರು.

ಅಧಿಕಾರಿ ಕರುಣೆಯಿಲ್ಲದವಳಲ್ಲ. ತನ್ನ ಕಣ್ಣೆದುರೇ ಎಲೆಯನ್ನೆಲ್ಲ ಆರಿಸಿ ತೆಗೆದರೆ, ಕೊಂಬುಗಳನ್ನು ಹುಳ ಸಾಯುವಂತೆ ಬಿಸಿಗಾಳಿಯಲ್ಲಿ ಕಾಯಿಸಿ ಮಾಲು ಬಿಟ್ಟುಕೊಡುತ್ತೇನೆ ಎಂದಳು. ಆದರೆ ಇನ್ನೊಮ್ಮೆ ಇದೇ ಕಡೆಯಿಂದ ಎಲೆ ಬಂದರೆ ಮಾಲು ನೇರ ಬೆಂಕಿಗೆ, ಕಳಿಸಿದವರ ಸರಕಿಗೆ ಈ ಬಂದರು ಖಾಯಂ ಬಂದ್. ಸ್ವರ ಏರಿಸದೆ ಹೇಳಿದ್ದರಿಂದಲೇ ಇನ್ನಷ್ಟು ಹೆದರಿಕೆಯಾಯಿತು.

ಆ ಚಳಿಯ ಗೋದಾಮಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಮದುವೆಮನೆಯಲ್ಲಿ ಅಕ್ಕಿ ಆರಿಸುವವರ ಹಾಗೆ ಎದುರುಬದುರು ಕೂತೆವು. ಬೇವಿನೆಲೆ ಒಣಗಿದರೆ ಮುಟ್ಟಿದಲ್ಲೇ ಪುಡಿಯಾಗುತ್ತದೆ, ಪುಡಿ ಕೊಂಬಿನ ಸಂದಿಗೆ ಸೇರುತ್ತದೆ. ಒಂದು ಚೂರು ಉಳಿದರೂ ಆ ಹೆಣ್ಣುಮಗಳ ಅನ್ನ ಹೋಯಿತು ಎಂದು ನಾನು ಆರಿಸಿದ್ದನ್ನೇ ಮತ್ತೆ ಆರಿಸಿದೆ. ಮನೆಗೆ ಬಂದು ಕಣ್ಣು ಮುಚ್ಚಿದರೂ ಎಲೆಯೇ ಕಾಣುತ್ತಿತ್ತು. ನನ್ನ ಫ್ಲ್ಯಾಟ್‌ಮೇಟ್ ನನ್ನ ಹಳದಿ ಕೈ ನೋಡಿ ಜಾಂಡೀಸಾ ಎಂದು ಗಾಬರಿಯಾದಳು.

ಕಡೆಗೂ ಚೀಲಗಳು ದಾಟಿದವು. ಅಂಕಲ್ ಅಂಗಡಿಯಿಂದಲೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಮಾಲು ಬಂತು, ಒಂದು ಹುಳವೂ ಸಿಗಲಿಲ್ಲ ಎಂದು ತಮ್ಮ ಹುಬ್ಬಳ್ಳಿ ಉರ್ದುವಿನಲ್ಲಿ ಕೂಗಿ ಹೇಳಿದರು. ಆ ಕಡೆ ಅಳು ಕೇಳಿಸಿತು. ಇನ್ನು ಎಲೆಯ ಮಾತು ತೆಗೆಯಬೇಕು ಎಂದು ಅಂಕಲ್ ಕೆಮ್ಮಿ ಸಿದ್ಧರಾಗುವಷ್ಟರಲ್ಲಿ ಆಕೆಯೇ ಮಾತಾಡಿದರು. ಅವರ ಫಿಜಿ ಹಿಂದಿ ನನಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಇದು ಪೂರ್ತಿ ತಿಳಿಯಿತು. ಹುಳದ ತಪಾಸಣೆ ಎಂದು ನೀವು ಹೇಳಿದಾಗಿನಿಂದ ನನಗೆ ಊಟ ಸೇರಿಲ್ಲ ಭಯ್ಯಾ, ಅದಕ್ಕೇ ಎರಡನೇ ಕಂತಿನ ಚೀಲಗಳಿಗೆ ಬೇವಿನೆಲೆ ದುಪ್ಪಟ್ಟು ತುಂಬಿದ್ದೇನೆ, ಹಡಗು ನಿನ್ನೆಯೇ ಹೊರಟಿತು, ನೀವಿನ್ನು ಹೆದರಬೇಡಿ, ಎಂದರು.