ಅವ್ವ ಎತ್ತಬಾರದೆಂದಿದ್ದ ಹೆಸರು

ಆಗೆಲ್ಲ ನಮ್ಮ ಕೊತ್ತತ್ತಿ ಕಡೆ ಕಬ್ಬು ಕಡಿಯುವ ಕಾಲ ಬಂತೆಂದರೆ ಊರಿಗೆ ಊರೇ ಬೆಲ್ಲದ ವಾಸನೆ. ಆಲೆಮನೆಯ ಕೊಪ್ಪರಿಗೆ ಪಕ್ಕ ನಿಂತು, ಕಬ್ಬಿನ ತುಂಡಿಗೆ ಅಂಟಿಸಿಕೊಂಡ ಬಿಸಿ ಪಾಕ ನೆಕ್ಕುತ್ತ ನಾವು ಹುಡುಗರು ಸಂಜೆ ಮಾಡುತ್ತಿದ್ದೆವು. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು. ಹಚ್ಚಿದ ಮೇಲೆ ಹಾವಿನ ಹೆಸರು ಎತ್ತಬಾರದು. ಇದು ಅವ್ವನ ಕಟ್ಟಪ್ಪಣೆ. ಹೇಳಲೇಬೇಕಾದರೆ "ಹುಳ" ಅನ್ನಬೇಕು. ಹೆಸರು ಹಿಡಿದರೆ ಕರೆದಂತೆ, ಬಂದೇಬಿಡುತ್ತದೆ ಎಂದು ಅವಳ ನಂಬಿಕೆ.

ಒಂದು ಸಂಜೆ ಒಲೆಯ ಮುಂದೆ ಮುದ್ದೆ ಕಟ್ಟುತ್ತಿದ್ದವಳನ್ನು ನಗುತ್ತ ಕೇಳಿದೆ.

"ಅವ್ವಾ, ಕೊಳಕುಮಂಡಲ ಅಂತ ಯಾಕಂತಾರೆ? ಅದು ಮೈಗೆ ನೀರು ಉಯ್ಕಳಲ್ವಾ?"

"ಬಾಯ್ ಮುಚ್ಚು! ಹುಳ ಅನ್ನು" ಎಂದಳು. ಆಮೇಲೆ ನಗು ತಡೆಯಲಾರದೆ, "ನೀನು ಉಯ್ಕಂಡು ಎಷ್ಟು ದಿಸ ಆಯ್ತ್ಲಾ, ಕೊಳಕ?"

ಆ ವಾರವೇ ಹಸುವಿಗೆ ಕಬ್ಬಿನ ಸೋಗೆ ಆಯುವಾಗ ಅವ್ವನ ಪಾದಕ್ಕೆ ಹಾವು ಕಚ್ಚಿತು. ಕಬ್ಬು ತುಂಬಲು ಬಂದಿದ್ದ ಟ್ರ್ಯಾಕ್ಟರಿನಲ್ಲೇ ಅಪ್ಪ ಮಂಡ್ಯದ ಆಸ್ಪತ್ರೆಗೆ ಕರೆದೊಯ್ದ. ನಾನೂ ಅಳುತ್ತ ಹತ್ತಿಕೊಂಡೆ. ತಲುಪುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಪಾದ ಊದಿ ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು.

"ಯಾವ ಹಾವು?" ಡಾಕ್ಟರು ಕೇಳಿದರು.

"ಹುಳ ಮುಟ್ತು ಸ್ವಾಮಿ" ಎಂದ ಅಪ್ಪ.

"ಯಾವ ಹುಳನಪ್ಪ? ಯಾರಾದ್ರೂ ನೋಡಿದ್ರಾ?"

ನೋಡಿದ್ದವಳು ಅವ್ವ ಒಬ್ಬಳೇ. ಸೆರಗಿನ ತುದಿ ಹಿಡಿದು ಹತ್ತಿದ್ದ ದೀಪದ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಕೊಳಕುಮಂಡಲ ಕಣಪ್ಪ. ಬೆನ್ನ ಮ್ಯಾಲೆ ಬಳೆ ಬಳೆ ಇತ್ತು. ನನ್ ಮಗ ಇನ್ನೂ ಚಿಕ್ಕೋನು, ಉಳಿಸ್ಬುಡಿ."

ಅವ್ವ ಉಳಿದಳು. ಕಾಲು ಮಾತ್ರ ತಿಂಗಳುಗಟ್ಟಲೆ ಕೊಳೆಯಿತು. ಕಪ್ಪಗಾದ ಮಾಂಸವನ್ನು ಕತ್ತರಿಸಿ ತೆಗೆದರು. ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ, ಗಾಯದ ಬಟ್ಟೆ ಬಿಚ್ಚಿ ಕೂತವಳು ತಾನಾಗಿಯೇ ನನ್ನನ್ನು ಕರೆದಳು.

"ಅವತ್ತು ಕೇಳ್ದಲ್ಲ, ನೋಡ್ಲಾ. ಮಂಡಲ ಅಂದ್ರೆ ಅದರ ಮೈ ಮ್ಯಾಲಿರೋ ದುಂಡು ಗುರ್ತು. ಕೊಳಕು ಅಂದ್ರೆ ಇದು. ಕಚ್ಚಿದ್ ಕಡೆ ಕೊಳೀತದೆ. ಅನುಭವಿಸ್ದೋರೇ ಮಡಗಿರೋ ಎಸ್ರು ಕಣ್ ಮಗ."

ಕಿಟಕಿಯಿಂದ ಬೆಲ್ಲದ ವಾಸನೆ ಬರುತ್ತಿತ್ತು. ಅದರ ಜೊತೆಗೆ ಗಾಯದ ವಾಸನೆ. ಆ ಹೆಸರಿಗೆ ನಾನು ಮತ್ತೆ ನಗಲಿಲ್ಲ.

ಕಳೆದ ತಿಂಗಳು ಅವ್ವ ತೀರಿಕೊಂಡಳು. ಕೊನೆಯ ಸಲ ನೀರು ಹುಯ್ಯುವಾಗ ಆ ಪಾದದ ಗುಳಿಯಲ್ಲಿ ನೀರು ನಿಂತಿತು. ಅಂಗೈಯಿಂದ ಒರೆಸಿದೆ.

ನಮ್ಮೂರಿನ ಆಲೆಮನೆ ಮುಚ್ಚಿ ಬಹಳ ಕಾಲವಾಯಿತು. ಕಬ್ಬೆಲ್ಲ ಈಗ ಲಾರಿಯಲ್ಲಿ ಕಾರ್ಖಾನೆಗೆ ಹೋಗುತ್ತದೆ. ಊರಿಗೆ ಆ ವಾಸನೆಯಿಲ್ಲ. ಮೊನ್ನೆ ದೀಪ ಹಚ್ಚಿದ ಮೇಲೆ ನನ್ನ ಮಗಳು ಫೋನಿನಲ್ಲಿ ಬೆನ್ನ ಮೇಲೆ ಬಳೆ ಬಳೆಯಿದ್ದ ಹಾವಿನ ಚಿತ್ರ ತೋರಿಸಿ, "ಇದರ ಹೆಸರೇನಪ್ಪ?" ಎಂದಳು. ಹೇಳಿದೆ, ಗಟ್ಟಿಯಾಗಿಯೇ. ಹೇಳಿದವನು ಹಳೆಯ ಅಭ್ಯಾಸದಂತೆ ಅಡುಗೆಮನೆಯ ಕಡೆ ತಿರುಗಿದೆ.

ಬಾಯಿ ಮುಚ್ಚು ಅನ್ನಲು ಅಲ್ಲಿ ಯಾರೂ ಇರಲಿಲ್ಲ.