ಮಧ್ಯದ ಫ್ಯೂಸ್

ಬನಶಂಕರಿ ಹಿಂದೂಪುರದ ಐಟಿಐಗೆ ಸೇರಿದ್ದು ಕೆಲಸಕ್ಕಾಗಿ ಎಂದೇ ಎಲ್ಲರೂ ತಿಳಿದಿದ್ದರು. ಮೂವತ್ತು ತುಂಬುತ್ತ ಬಂದ ಹೆಂಗಸು ಹದಿನೆಂಟರ ಹುಡುಗರ ನಡುವೆ ಎಲೆಕ್ಟ್ರಿಷಿಯನ್ ಪಾಠಕ್ಕೆ ಕೂರುವುದೆಂದರೆ ಬೇರೇನು ಕಾರಣವಿದ್ದೀತು? ಅವಳಿಗೆ ಬೇಕಾಗಿದ್ದುದು ಒಂದೇ ಒಂದು ಉತ್ತರ. ಮೂರು ವರ್ಷದ ಹಿಂದೆ ತಾನು ಕಿತ್ತದ್ದು ಸರಿಯಾದ ಫ್ಯೂಸೋ, ಅಲ್ಲವೋ.

ಗಂಡ ಬೈಲಪ್ಪ ಕುಂದುರ್ಪಿ ಕಡೆಯ ತಮ್ಮ ಊರಿನಲ್ಲಿ ಮೋಟಾರು, ವೈರಿಂಗು ನೋಡಿಕೊಳ್ಳುತ್ತಿದ್ದ. ಯಾರ ಹತ್ತಿರವೂ ಕಲಿತವನಲ್ಲ, ಮಾಡಿ ಮಾಡಿ ಕೈ ಪಳಗಿಸಿಕೊಂಡವನು. ಹೊಲದ ಟ್ರಾನ್ಸ್‌ಫಾರ್ಮರಿನಿಂದ ಮೂರು ತಂತಿ ಹೊರಟು ಐದು ಬೋರ್‌ವೆಲ್ಲುಗಳಿಗೆ ಹೋಗುತ್ತವೆ. ಒಂದು ತಂತಿ ಕಡಿದರೆ ಅದರ ಫ್ಯೂಸನ್ನಷ್ಟೇ ಕೀಳುವುದು ಅಲ್ಲಿಯ ರೂಢಿ. ಕಂಡೆನ್ಸರ್ ಹಾಕಿಕೊಂಡವರ ಮೋಟಾರು ಉಳಿದೆರಡು ತಂತಿಯ ಮೇಲೆಯೇ ಓಡುತ್ತದೆ. ಓಡಲಿ ಬಿಡು ಎಂಬ ದಾಕ್ಷಿಣ್ಯ. ಮೂರನ್ನೂ ಕಿತ್ತು ನಾಲ್ಕು ಜನರ ನೀರು ನಿಲ್ಲಿಸಿದವನ ಮುಖವನ್ನು ಆಮೇಲೆ ಯಾರೂ ನೋಡುವುದಿಲ್ಲ.

ಆ ಬೆಳಗ್ಗೆ ಗಾಳಿಗೆ ನಡುವಿನ ತಂತಿ ಕಡಿದು ಬಿದ್ದಿತ್ತು. "ಮಧ್ಯದ್ದು ಒಂದ್ ಕಿತ್ಬುಡು ಸಾಕು, ಪಕ್ಕದ ಹೊಲದಾಗೆ ಗಿರಿಯಪ್ಪಣ್ಣ ನೀರು ಕಟ್ತಾವ್ನೆ" ಎಂದು ಹೆಂಡತಿಗೆ ಹೇಳಿ ಬೈಲಪ್ಪ ಹೊಲದೊಳಕ್ಕೆ ನಡೆದ. ಅವಳು ಕಿತ್ತಳು, ಕಿತ್ತೆನೆಂದು ಕೂಗಿದಳು. ಅವನು ಹಸಿ ನೆಲದಲ್ಲಿ ನಿಂತು ತುಂಡಾದ ತಂತಿಯ ಎರಡು ತುದಿಗಳನ್ನು ಕೈಗೆತ್ತಿಕೊಂಡ. ಆಸ್ಪತ್ರೆಗೆ ಒಯ್ಯುವಷ್ಟೂ ಜೀವ ಉಳಿಯಲಿಲ್ಲ.

ಓಡಿಬಂದವರು ಮಿಕ್ಕ ಫ್ಯೂಸುಗಳನ್ನೂ ಕಿತ್ತೆಸೆದಿದ್ದರಿಂದ ಅವಳು ಕಿತ್ತದ್ದು ಯಾವುದೆಂದು ತೋರಿಸಲು ಏನೂ ಉಳಿಯಲಿಲ್ಲ. ಹೆಂಗಸು, ಗಾಬರಿಯಲ್ಲಿ ಪಕ್ಕದ್ದು ಕಿತ್ತಿದ್ದಾಳೆ ಎಂದಿತು ಊರು. ಅತ್ತೆ ಚೌಡಕ್ಕ ಬೈಯಲಿಲ್ಲ, ಮಾತೇ ಬಿಟ್ಟಳು. ಮೊಮ್ಮಗಳು ಕಲ್ಯಾಣಿಯನ್ನು ಕರೆದುಕೊಂಡು ಕಲ್ಯಾಣದುರ್ಗದಲ್ಲಿ ತನ್ನ ಮಗಳ ಮನೆ ಸೇರಿದಳು. ನನ್ನ ಮಗ ಕೆಲಸದಲ್ಲಿ ಒಂದು ದಿನ ತಪ್ಪಿದವನಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುವುದೊಂದೇ ಅವಳಿಗೆ ಸಮಾಧಾನ. ದಿನ ಕಳೆದಂತೆ ಬನಶಂಕರಿಗೂ ತನ್ನ ಕೈಯ ಮೇಲಿನ ನಂಬಿಕೆ ಹೋಯಿತು. ಎಡದಿಂದ ಎರಡನೆಯದು ತಾನೆ? ಬಲದಿಂದಲೂ ಎರಡನೆಯದು. ಅನ್ನಕ್ಕೆ ಎಸರಿಟ್ಟು ನಿಂತಾಗಲೂ ಬೆರಳು ಗಾಳಿಯಲ್ಲಿ ಎಣಿಸುತ್ತಿತ್ತು.

ಹಿಂದೂಪುರದ ಪಾಠವೆಲ್ಲ ತೆಲುಗಿನಲ್ಲಿ. ಅವಳು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವಳು. ಹತ್ತನೇ ತರಗತಿಯ ನಂತರ ಗಣಿತ ಮುಟ್ಟಿರದವಳಿಗೆ ಭಿನ್ನರಾಶಿಯೇ ಬೆವರು ಹರಿಸಿತು. ಪಕ್ಕದ ಬೆಂಚಿನ ವಂಶಿ, "ಅಕ್ಕಾ, ನಾಳೆಯಿಂದ ನಿಮ್ ಪಾಪನ್ನೇ ಕಳ್ಸಿ, ಬೇಗ ಕಲೀತದೆ" ಎಂದು ರೇಗಿಸುತ್ತಿದ್ದ, ಮತ್ತೆ ತಾನೇ ಕೂತು ಹೇಳಿಕೊಡುತ್ತಿದ್ದ. ತಂತಿಗಳು ಕೂಡುವ ಗಂಟಿಗೆ ಎಷ್ಟು ಕರೆಂಟು ಬರುತ್ತದೋ ಅಷ್ಟೂ ಹೊರಗೆ ಹೋಗಲೇಬೇಕು. ಹೊರಟ ಜಾಗಕ್ಕೆ ಮರಳುವ ದಾರಿ ಎಲ್ಲಿದ್ದರೂ ಅದು ಹುಡುಕಿಕೊಳ್ಳುತ್ತದೆ. ಈ ಎರಡು ಮಾತು ತಲೆಗೆ ಹತ್ತಲು ಅವಳಿಗೆ ನಾಲ್ಕು ತಿಂಗಳು ಹಿಡಿಯಿತು.

ಒಂದು ಶುಕ್ರವಾರ ಶ್ರೀಲತಾ ಮೇಡಂ ಹಲಗೆಯ ಮೇಲೆ ಮೂರು ತಂತಿಗೆ ಮೂರು ಬಲ್ಬು ಜೋಡಿಸಿ, ಅವುಗಳ ಇನ್ನೊಂದು ತುದಿಗಳನ್ನು ಒಂದು ಗಂಟಿಗೆ ಸೇರಿಸಿದರು. ಮಧ್ಯದ ಫ್ಯೂಸ್ ಕಿತ್ತರು. ಆ ಬಲ್ಬು ಆರಿತು. ಸತ್ತ ಆ ತಂತಿಗೂ ನೆಲಕ್ಕೂ ಮೀಟರ್ ಹಿಡಿದರೆ ನೂರಹದಿನೈದು ವೋಲ್ಟ್ ತೋರಿಸಿತು. ಬನಶಂಕರಿ ಎದ್ದು ನಿಂತು, ಫ್ಯೂಸ್ ಕಿತ್ತಾಗಿದೆಯಲ್ಲ ಎಂದಳು. ಪಕ್ಕದ ತಂತಿಗಳಿಂದ ಬಲ್ಬು, ಬಲ್ಬಿನಿಂದ ಗಂಟು, ಗಂಟಿನಿಂದ ಹಿಂದಕ್ಕೆ ಇದೇ ತಂತಿ ಎಂದು ಮೇಡಂ ಬೆರಳಾಡಿಸಿ ತೋರಿಸಿದರು. ಓಡುವ ಮೋಟಾರಾದರೆ ಇನ್ನೂ ಜಾಸ್ತಿ, ಮುಟ್ಟಿದವರು ಉಳಿಯುವುದು ಕಷ್ಟ ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹೋದರು. ಬನಶಂಕರಿ ನೋಟ್‌ಬುಕ್ಕಿನಲ್ಲಿ ಬಲ್ಬಿನ ಜಾಗಕ್ಕೆ ಊರಿನ ಮೋಟಾರುಗಳನ್ನು ಬರೆದಳು. ಬಾಣದ ಗುರುತು ಹಾಕುತ್ತ ಹೋದಳು. ಎಲ್ಲ ಬಾಣಗಳೂ ಬೈಲಪ್ಪನ ಕೈಗೇ ಬಂದವು.

ಶನಿವಾರ ಕಲ್ಯಾಣದುರ್ಗದ ಬಸ್ ನಿಲ್ದಾಣಕ್ಕೆ ಚೌಡಕ್ಕ ಪ್ರತಿ ವಾರದಂತೆ ಭಾನುವಾರದ ಮಟ್ಟಿಗೆ ಮಗುವನ್ನು ಒಪ್ಪಿಸಲು ಬಂದಳು. ಬನಶಂಕರಿ ಕಲ್ಲುಬೆಂಚಿನ ಮೇಲೆ ನೋಟ್‌ಬುಕ್ ಬಿಚ್ಚಿದಳು. "ಅತ್ತೆ, ನಾನು ಮಧ್ಯದ್ದೇ ಕಿತ್ತಿದ್ರೂ ಅಷ್ಟೇಯ. ಮಿಕ್ಕೋರ ಮೋಟಾರಿನಿಂದ ತಿರುಗ್ಕಂಡು ಬಂತು ಕರೆಂಟು."

ಚೌಡಕ್ಕನಿಗೆ ಓದು ಬರದು. ಆದರೂ ಬಾಣಗಳನ್ನು ಬಹಳ ಹೊತ್ತು ನೋಡಿದಳು. ಮೂರು ವರ್ಷದ ಮೇಲೆ ಬಾಯಿ ಬಿಟ್ಟಳು.

"ಮೂರೂ ಕಿತ್ತಿದ್ರೆ?"

"ಬತ್ತಿರ್ಲಿಲ್ಲ."

"ಬದುಕಿರೋನು."

"ಹೂಂ."

"ಮತ್ತೆ ಒಂದೇ ಸಾಕು ಅಂದೋರು ಯಾರಮ್ಮ?"

ದಾರಿಯುದ್ದಕ್ಕೂ ತನ್ನ ಕೈಯನ್ನಷ್ಟೇ ನೆನೆದು ಬಂದಿದ್ದವಳಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಅತ್ತೆ ಅವಳ ಬಾಯನ್ನೇ ನೋಡುತ್ತಿದ್ದಳು. ಆ ಮುಖ ನೋಡಿ ಬನಶಂಕರಿಗೆ ಹೆಸರು ಹೇಳಲಾಗಲಿಲ್ಲ.

"ನಾನೇ, ಅತ್ತೆ. ಗಿರಿಯಪ್ಪಣ್ಣನ ನೀರು ನಿಲ್ಲಬಾರ್ದು ಅಂತ."

ಚೌಡಕ್ಕ ತಲೆಯಾಡಿಸಿದಳು. "ಅಂಗೇ ಅಂದ್ಕಂಡಿದ್ದೆ ಕಣಮ್ಮ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿನ ಕೈಯನ್ನು ಸೊಸೆಯ ಕೈಗೆ ಕೊಟ್ಟು, ಸೆರಗು ಸರಿ ಮಾಡಿಕೊಂಡು, ಆಟೋ ನಿಂತಿದ್ದ ಕಡೆಗೆ ನಿಧಾನವಾಗಿ ನಡೆದುಹೋದಳು.