ಬೀಗರ ಬಾವಿಯ ನೀರು

ಒಂದು ಟ್ಯಾಂಕರ್ ನೀರಿಗೆ ಬಾಟಲಿ ಅಕ್ಕನ ಎರಡು ದಿನದ ಸಂಬಳ ಬೇಕು. ಒಂದು ಬಾವಿಯ ನೀರನ್ನು ಪೂರ್ತಿ ಪರೀಕ್ಷೆ ಮಾಡಿಸಲು ಒಂದು ತಿಂಗಳ ಸಂಬಳ; ಪುಣ್ಯಕ್ಕೆ ಅದನ್ನು ಅವರು ಕೆಲಸ ಮಾಡುವ ಸರ್ಕಾರಿ ಕಚೇರಿಯೇ ಭರಿಸುತ್ತದೆ. ಆ ನೀರು ತುಂಬುವ ಬಾಟಲಿಗೆ ಒಂದು ಲೋಟ ಚಹಾದ ದುಡ್ಡು ಸಾಕು. ಬಾವಿಯಿರುವ ಸಾಧಾರಣ ಮನೆಯೊಂದನ್ನು ಕೊಳ್ಳಬೇಕೆಂದರೆ ಅವರು ಹೊಟ್ಟೆಗೆ ತಣ್ಣೀರುಬಟ್ಟೆ ಕಟ್ಟಿಕೊಂಡು ಮೂವತ್ತು ವರ್ಷ ದುಡಿಯಬೇಕು. ಅದೇ ಮನೆ ಕೆಟ್ಟ ನೀರಿನ ಪಟ್ಟಿಗೆ ಸೇರಿತೆನ್ನಿ, ಬಿಟ್ಟಿ ಕೊಟ್ಟರೂ ತೆಗೆದುಕೊಳ್ಳುವವರು ಎರಡು ಸಲ ಯೋಚಿಸುತ್ತಾರೆ. ಸೇರುತ್ತದೋ ಇಲ್ಲವೋ ಎನ್ನುವುದು ಆ ಬಾಟಲಿಯೊಳಗೆ ಯಾವ ನೀರಿದೆ ಎಂಬುದರ ಮೇಲೆ ನಿಂತಿದೆ. ಬಾಟಲಿ ತುಂಬುವುದು ಅಕ್ಕನ ಕೆಲಸ; ಆ ಹೆಸರು ಬಂದದ್ದೂ ಅದರಿಂದಲೇ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಪೆಟ್ರೋಲ್ ಬಂಕಿನ ಹಿಂದಿನ ಬೀದಿಯಲ್ಲಿ ಅಕ್ಕ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ನಡೆಯುತ್ತಿದ್ದಾರೆ. ವಯಸ್ಸು ಐವತ್ತನಾಲ್ಕು. ಇನ್ನೊಂದು ಕೈಯಲ್ಲಿ ಅಳತೆಯ ಟೇಪು, ಉಷ್ಣತೆ ನೋಡುವ ಕಡ್ಡಿ, ಬಟ್ಟೆಯಲ್ಲಿ ಸುತ್ತಿದ ಒಂದು ಬಿಳಿ ಪಿಂಗಾಣಿ ತಟ್ಟೆ. ಅವರು ಬರುತ್ತಿದ್ದ ಹಾಗೆ ಕಿಟಕಿಗಳ ಪರದೆ ಅಲುಗುತ್ತವೆ. ಯಾವುದೋ ಮನೆಯಲ್ಲಿ ರೇಡಿಯೋ ನಿಲ್ಲುತ್ತದೆ. ಎರಡನೇ ಗೇಟು ತಟ್ಟಿದಾಗ ಒಳಗಿನಿಂದ ಗಂಡಸೊಬ್ಬರು, ಮನೆಯಲ್ಲಿ ಯಾರೂ ಇಲ್ಲ ಎಂದು ಕೂಗಿ ಹೇಳುತ್ತಾರೆ. ಅಕ್ಕ ನಗುವುದಿಲ್ಲ. ಯಾರೂ ಇಲ್ಲದಿದ್ದರೆ ತೊಂದರೆಯಿಲ್ಲ, ಬರುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ ಎಂದು ಕೂತೇಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯುತ್ತದೆ.

ಪಟ್ಟಿ ಎಂದರೆ ಕೆಟ್ಟ ನೆಲ, ಕೆಟ್ಟ ನೀರಿನ ಸಾರ್ವಜನಿಕ ಪಟ್ಟಿ. ಯಾವ ಜಾಗದಲ್ಲಿ ಹಿಂದೆ ಏನು ಕಾರ್ಖಾನೆಯಿತ್ತು, ನೆಲಕ್ಕೆ ಏನು ಇಳಿದಿದೆ, ಬಾವಿಯಲ್ಲಿ ಅದು ಎಷ್ಟಿದೆ ಎಂಬುದೆಲ್ಲ ಅದರಲ್ಲಿದೆ. ಯಾರು ಬೇಕಾದರೂ ಕಚೇರಿಗೆ ಹೋಗಿ ಮನೆ ನಂಬರು ಹೇಳಿ ನೋಡಬಹುದು, ಕಾಸು ಕೊಡಬೇಕಿಲ್ಲ. ಆದರೂ ಕೌಂಟರಿನ ಎದುರಿನ ಬೆಂಚು ಖಾಲಿಯೇ. ಬರುವವರಲ್ಲಿ ಮುಕ್ಕಾಲು ಪಾಲು ಮನೆ ಕೊಂಡ ಮೇಲೆ ಬರುವವರು ಎನ್ನುತ್ತಾರೆ ಅಲ್ಲಿನ ಗುಮಾಸ್ತರು. ಪಟ್ಟಿಯಲ್ಲಿ ತಮ್ಮ ಮನೆ ಕಂಡಾಗ ಕೆಲವರು ಗುಮಾಸ್ತರನ್ನೇ ಬೈಯುತ್ತಾರೆ, ಕೆಲವರು ಆ ಬೆಂಚಿನ ಮೇಲೆ ಸುಮ್ಮನೆ ಕೂತುಬಿಡುತ್ತಾರೆ. ಕೂತವರಿಗೆ ನೀರು ಕೊಟ್ಟರೆ ಕುಡಿಯುವುದಿಲ್ಲವಂತೆ.

ಅಕ್ಕ ಮೊದಲು ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದವರು. ಬಾವಿಗಳಿಂದ ನೀರು ತರುವ ಹುದ್ದೆಯಲ್ಲಿದ್ದವರು ಬಿಟ್ಟುಹೋದಾಗ, ಬೀದಿ ಬೀದಿ ಸುತ್ತಿ ಬೈಗುಳ ತಿನ್ನಲು ಬೇರೆ ಯಾರೂ ಒಪ್ಪದೆ ಕೆಲಸ ಇವರ ಕೊರಳಿಗೆ ಬಿತ್ತು. ಹನ್ನೆರಡು ವರ್ಷವಾಯಿತು. ದಿನಕ್ಕೆ ಆರೇಳು ಬಾವಿ ಮುಗಿಸುತ್ತಾರೆ. ತುಂಬಿದ ಪೆಟ್ಟಿಗೆ ಒಂದು ಅಕ್ಕಿ ಮೂಟೆಯಷ್ಟು ಭಾರ. ಎಡಭುಜ ಕೊಂಚ ಕೆಳಗಿಳಿದಿದೆ. ಟೈಲರ್ ಆಗಿರುವ ಅವರ ಗಂಡ, ಹೆಂಡತಿಯ ರವಿಕೆಗೆ ಎರಡು ಭುಜಕ್ಕೆ ಎರಡು ಅಳತೆ ಹಿಡಿಯಬೇಕು ಎಂದು ತಮಾಷೆ ಮಾಡುತ್ತಾರೆ. “ಇವಳು ಬೀದಿಗೆ ಕಾಲಿಟ್ರೆ ಸಾಕು, ಬಾಗಿಲು ಹಾಕ್ಕೋತಾರೆ. ಸಾಲ ವಸೂಲಿಯವನಿಗೂ ಅಷ್ಟು ಮರ್ಯಾದೆ ಇಲ್ಲ” ಎನ್ನುತ್ತಾರೆ.

ಬಾಗಿಲು ಹಾಕಿಕೊಳ್ಳುವವರು ಪರವಾಗಿಲ್ಲ. ನಗುನಗುತ್ತಾ ತೆರೆಯುವವರನ್ನು ಕಂಡರೆ ಅಕ್ಕ ಮೊದಲು ಟೇಪು ಬಿಚ್ಚುತ್ತಾರೆ. ಚಹಾ ಕೊಡುತ್ತಾರೆ, ಕುರ್ಚಿ ಹಾಕುತ್ತಾರೆ, ಬಿಸಿಲೇರುವ ಮೊದಲು ಮುಗಿಸಿಕೊಳ್ಳಿ ಎಂದು ಕಾಳಜಿ ತೋರಿಸುತ್ತಾರೆ. ಅಂಥ ಮನೆಗಳಲ್ಲಿ ಹಿಂದಿನ ಸಂಜೆಯೇ ಟ್ಯಾಂಕರ್ ತರಿಸಿ ಬಾವಿಗೆ ಒಳ್ಳೆಯ ನೀರು ಸುರಿದಿರುತ್ತಾರೆ. ಮೇಲಿನಿಂದ ತುಂಬಿಕೊಂಡರೆ ಬಾಟಲಿಯಲ್ಲಿ ಹೋಗುವುದು ಟ್ಯಾಂಕರಿನ ನೀರು. ಮನೆ ಪಾರಾಗುತ್ತದೆ, ಬಾವಿ ಇದ್ದ ಹಾಗೇ ಇರುತ್ತದೆ.

ಅಕ್ಕ ಅದನ್ನು ಹಿಡಿಯುವ ಬಗೆ ಸರಳ. “ನೆಲದೊಳಗಿನ ನೀರಿಗೆ ಚಳಿಗಾಲ ಬೇಸಿಗೆ ಎಲ್ಲ ಒಂದೇ. ಮೈ ಬಿಸಿ ಬದಲಾಗಲ್ಲ. ಬೆಳಿಗ್ಗೆ ಹೊತ್ತು ಮುಟ್ಟಿದ್ರೆ ಒಂಚೂರು ಬೆಚ್ಚಗೆ ಇರತ್ತೆ. ಟ್ಯಾಂಕರ್ ನೀರು ಕೈ ಕೊರೀತದೆ” ಎನ್ನುತ್ತಾರೆ. ಟೇಪು ಇಳಿಸಿ ನೀರು ಎಷ್ಟು ಆಳದಲ್ಲಿದೆ ಎಂದೂ ನೋಡುತ್ತಾರೆ. ಮಳೆಯಿಲ್ಲದ ದಿನಗಳಲ್ಲಿ ಅಕ್ಕಪಕ್ಕದ ಬಾವಿಗಳಿಗಿಂತ ಒಂದರಲ್ಲೇ ನೀರು ಮೇಲೇರಿದ್ದರೆ ಅದು ಏರಿದ್ದಲ್ಲ, ಸುರಿದದ್ದು. ಆಗ ಮೋಟರು ಹಾಕಿ, ಸುರಿದದ್ದೆಲ್ಲ ಹೊರಗೆ ಹೋಗಿ ನೆಲದ ನೀರು ಒಸರುವವರೆಗೂ ಕಾಯುತ್ತಾರೆ. ಒಂದೂವರೆ ಗಂಟೆಯಾಗಬಹುದು, ಎರಡಾಗಬಹುದು. ಕೊಟ್ಟ ಕುರ್ಚಿಯನ್ನು ಮನೆಯವರು ಅಷ್ಟರಲ್ಲಿ ಒಳಗಿಟ್ಟಿರುತ್ತಾರೆ.

ಕಳೆದ ಚಳಿಗಾಲದಲ್ಲಿ ಅವರು ಹೀಗೆ ಕಾದು ನಿಂತದ್ದು ಮಗಳನ್ನು ಕೊಟ್ಟ ಮನೆಯಲ್ಲಿ.

ಆ ಬೀದಿಯ ತಲೆಯಲ್ಲಿ ಹಿಂದೆ ಒಂದು ಶೆಡ್ಡಿತ್ತು. ನಲ್ಲಿ, ಬಾಗಿಲ ಹಿಡಿ, ಸೈಕಲ್ ಹ್ಯಾಂಡಲ್ಲುಗಳಿಗೆ ಕ್ರೋಮ್ ಹೊಳಪು ಕೊಡುತ್ತಿದ್ದರು. ತೊಟ್ಟಿ ತೊಳೆದ ನೀರನ್ನು ಹಿತ್ತಲಿನ ಗುಂಡಿಗೆ ಬಿಡುತ್ತಿದ್ದರು. ಶೆಡ್ಡು ಮುಚ್ಚಿ, ಮಾಲೀಕರು ಎತ್ತಲೋ ಹೋಗಿ, ಆ ಜಾಗದಲ್ಲಿ ಹುಲ್ಲು ಬೆಳೆದು ಮಕ್ಕಳು ಚೆಂಡಾಡುವಂತಾದ ಮೇಲೆ ಪಕ್ಕದ ಮನೆಯ ಬಾವಿ ನೀರು ಹಳದಿಗೆ ತಿರುಗಿತು. ಆ ಬೀದಿಗೆ ನಲ್ಲಿಯಿರಲಿಲ್ಲ, ಎಲ್ಲರಿಗೂ ಬಾವಿಯೇ ಗತಿ. ಹತ್ತೊಂಬತ್ತು ಬಾವಿಗಳ ನೀರನ್ನೂ ತರಬೇಕೆಂದು ಕಚೇರಿಯಿಂದ ಆದೇಶವಾಯಿತು. ಕೊನೆಯ ಮನೆ ಬೀಗರದು.

ಇದು ನನ್ನ ಮಗಳ ಮನೆ, ಬೇರೆಯವರನ್ನು ಕಳಿಸಿ ಎಂದು ಅಕ್ಕ ಅಧಿಕಾರಿಗೆ ಹೇಳಿದರು. ಈ ಕೆಲಸಕ್ಕಿರುವ ಇನ್ನೊಬ್ಬರು ಕಾಲು ಮುರಿದುಕೊಂಡು ಮಲಗಿದ್ದರು. ಅಧಿಕಾರಿ, ಸಂಬಂಧ ಇರುವುದನ್ನು ಬರೆದುಕೊಳ್ಳುತ್ತೇನೆ, ನೀವೇ ಹೋಗಿ ಬನ್ನಿ ಎಂದರು.

ಬೀಗರು ಆ ಮನೆ ಮಾರಲು ಹೊರಟಿದ್ದು ಅಕ್ಕನಿಗೆ ಗೊತ್ತಿತ್ತು. ಮುಂಗಡವನ್ನೂ ಪಡೆದಿದ್ದರು. ಕೊಳ್ಳುವವರು ಎರಡು ಮಕ್ಕಳ ಸಣ್ಣ ಸಂಸಾರ. ಬಂದ ದುಡ್ಡಿನಲ್ಲಿ ಊರಿನ ಆ ತುದಿಯಲ್ಲಿ, ನಲ್ಲಿ ನೀರಿರುವ ಕಡೆ, ಚಿಕ್ಕ ಮನೆ ಗೊತ್ತುಮಾಡಿದ್ದರು. ಮೂರು ವರ್ಷದ ಮೊಮ್ಮಗಳು ಅಲ್ಲಿ ತನಗೊಂದು ಕಿಟಕಿಯಿದೆಯೆಂದು ಅಜ್ಜಿಗೆ ಫೋನಿನಲ್ಲಿ ಹೇಳಿ ಆಗಿತ್ತು.

ಆ ಬೆಳಿಗ್ಗೆ ಗೇಟು ಮೊದಲೇ ತೆರೆದಿತ್ತು. “ಬನ್ನಿ ಬೀಗಿತ್ತಿ, ಚಹಾ ಕುಡಿದೇ ಕೆಲಸ” ಎಂದು ಬೀಗರು ಕುರ್ಚಿ ಹಾಕಿದರು. ಅಕ್ಕ ಟೇಪು ಇಳಿಸಿದರು. ನೀರು ಒಂದಾಳುದ್ದ ಮೇಲೆ ಬಂದಿತ್ತು. ಸಿಮೆಂಟ್ ರಿಂಗುಗಳ ಒಳಮೈ ಈಗಷ್ಟೇ ನೆನೆದಂತೆ ಕಪ್ಪಗಿತ್ತು. ಕೊಡದಲ್ಲಿ ಸೇದಿ ಕೈ ಅದ್ದಿದರೆ ಬೆರಳು ಜುಮ್ಮೆಂದವು. ತಲೆಯೆತ್ತಿ ನೋಡಿದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಮುಖ ತಿರುಗಿಸಿದಳು.

“ಯಾರು ತರಿಸಿದ್ದು ಅಂತ ಕೇಳಲಿಲ್ಲ. ಕೇಳಿದ್ರೆ ಅವಳು ಸುಳ್ಳು ಹೇಳ್ಬೇಕಾಗ್ತಿತ್ತು” ಎನ್ನುತ್ತಾರೆ ಅಕ್ಕ.

ಮೋಟರು ಹಾಕಿದರು. ನೀರು ಮೋರಿಗೆ ಬಿದ್ದು ಹರಿಯತೊಡಗಿತು. ಬೀಗರು ಮೊದಲು ನಕ್ಕರು, ಇಷ್ಟು ನೀರು ದಂಡ ಮಾಡುವುದು ಯಾಕೆ ಎಂದರು, ಆಮೇಲೆ ಒಳಗೆ ಹೋದರು. ಅರ್ಧ ಗಂಟೆಯ ಮೇಲೆ ಮಗಳು ಹೊರಗೆ ಬಂದು ಪಕ್ಕದಲ್ಲಿ ನಿಂತಳು. ಮೂರು ವಾರದ ಹಿಂದೆ ಮಗುವನ್ನು ಮೀಯಿಸುವಾಗ ಬಿಳಿ ಬಕೆಟ್ಟಿನ ತಳ ಹಳದಿಯಾಗಿ ಕಂಡಿತಂತೆ. ಅಂದಿನಿಂದ ಮಗುವಿಗೆ ಕ್ಯಾನಿನ ನೀರು. ಅದಕ್ಕೆ ಮುಂಚೆ ಎಷ್ಟು ದಿನದಿಂದ ಹಾಗಿತ್ತೋ ಗೊತ್ತಿಲ್ಲ. ತಾಯಿಗೆ ಹೇಳಿರಲಿಲ್ಲ, ಹೇಳಿದರೆ ಅದು ಕಚೇರಿಗೆ ಹೇಳಿದ ಹಾಗೆ.

“ಸಾಕು ಅಮ್ಮ, ತುಂಬಿಸ್ಕೊ” ಎಂದಳು. ಅಕ್ಕ ಬೀಳುತ್ತಿದ್ದ ನೀರಿಗೆ ಕೈಯೊಡ್ಡಿ ನೋಡಿದರು; ಇನ್ನೂ ಕೊರೆಯುತ್ತಿತ್ತು.

“ಈ ಮನೆ ಮಾರಾಟ ಆದ್ರೆ ನಾವು ಇಲ್ಲಿಂದ ಹೋಗ್ತೀವಿ. ಹೋಗ್ಲಿಲ್ಲ ಅಂದ್ರೆ ನಿನ್ನ ಮೊಮ್ಮಗಳು ಇದೇ ಬಾವಿ ಕಟ್ಟೆ ಮೇಲೆ ಬೆಳೀತಾಳೆ. ಅದನ್ನ ನೋಡ್ತೀಯಾ?”

“ಕೊಳ್ಳೋರಿಗೂ ಮಕ್ಕಳಿದಾವಲ್ಲೇ.”

“ಅವು ನಿನ್ನ ಮೊಮ್ಮಕ್ಕಳಲ್ಲ.”

ಅಕ್ಕ ಮೋಟರು ಆರಿಸಿದರು. ಬಾಟಲಿಯ ಮುಚ್ಚಳ ತೆಗೆದರು. ಇದನ್ನು ಹೇಳುವಾಗ ಅವರ ದನಿ ತಗ್ಗುತ್ತದೆ, ಆದರೆ ಮಾತು ನುಂಗುವುದಿಲ್ಲ. “ಸುಳ್ಳು ಯಾಕೆ ಹೇಳ್ಲಿ. ತುಂಬಿಸೋದಕ್ಕೇ ಅಂತ ಬಗ್ಗಿದೆ. ಯಾರಿಗೂ ಗೊತ್ತಾಗ್ತಿರಲಿಲ್ಲ. ನನ್ನ ಕೂಸು ಅಲ್ಲಿಂದ ಪಾರಾಗ್ತಿತ್ತು.”

ಕೈ ತಡೆದದ್ದು ಏನೆಂದು ಕೇಳಿದರೆ ದೊಡ್ಡ ಮಾತು ಆಡುವುದಿಲ್ಲ. “ಕೊಳ್ಳೋರ ಮಕ್ಕಳು ನೆನಪಾದ್ರು ಅಂತ ಹೇಳಿದ್ರೆ ಚೆನ್ನಾಗಿರತ್ತೆ. ಆ ಹೊತ್ತಲ್ಲಿ ಅವರು ನೆನಪಾಗ್ಲಿಲ್ಲ. ಭಯ ಆಯ್ತು, ಅಷ್ಟೇ. ನಾನು ಟ್ಯಾಂಕರ್ ನೀರು ತಗೊಂಡು ಹೋದ್ರೆ ನನ್ನ ಮೊಮ್ಮಗಳು ಇಷ್ಟು ದಿನ ಏನು ಕುಡಿದಿದಾಳೆ ಅಂತ ಯಾವತ್ತೂ ಗೊತ್ತಾಗಲ್ಲ. ಡಾಕ್ಟ್ರು ಕೇಳಿದ್ರೆ ಏನಂತ ಹೇಳೋದು? ಬಾವಿ ಚೆನ್ನಾಗಿದೆ ಅಂತ ನಾನೇ ಬರೆದುಕೊಟ್ಟಿರ್ತೀನಿ.”

ಮತ್ತೆ ಮೋಟರು ಹಾಕಿದರು. ಮಗಳು ಅಲ್ಲೇ ನಿಂತಳು. ಬೀಗರು ಕಿಟಕಿಯಿಂದ ನೋಡಿ, ದಡಾರನೆ ಕಿಟಕಿ ಹಾಕಿದರು. ಇನ್ನೊಂದು ಗಂಟೆ ಕಳೆಯಿತು. ಪೈಪಿನಿಂದ ಬೀಳುವ ನೀರಿಗೆ ಅಕ್ಕ ಆಗಾಗ ಕೈ ಹಿಡಿಯುತ್ತಿದ್ದರು. ಕೊರೆಯುವುದು ಕಡಿಮೆಯಾಯಿತು. ಆಮೇಲೆ ಸಮಸಮ. ಆಮೇಲೆ ಅಂಗೈಗೆ ಬೆಚ್ಚಗಾಯಿತು. ಬಟ್ಟೆ ಬಿಚ್ಚಿ ಪಿಂಗಾಣಿ ತಟ್ಟೆ ತೆಗೆದು ಒಂದು ಬೊಗಸೆ ನೀರು ಹಿಡಿದರು.

ಬಿಸಿಲು ಇನ್ನೂ ಅಂಗಳಕ್ಕೆ ಬಂದಿರಲಿಲ್ಲ, ಆದ್ದರಿಂದ ಬಿಸಿಲಿನ ಬಣ್ಣ ಎನ್ನುವಂತಿರಲಿಲ್ಲ. ತಟ್ಟೆಯ ನೀರು ಹಳದಿಯಾಗಿತ್ತು. ಬಕೆಟ್ಟಿನಲ್ಲಿ ಕಂಡದ್ದಕ್ಕಿಂತ ಹೆಚ್ಚಿದೆ ಎಂದಳು ಮಗಳು. ಅಷ್ಟು ಹೇಳಿ ಮೆಟ್ಟಿಲ ಮೇಲೆ ಕೂತಳು. ಒಳಗೆ ಮಗು ಎದ್ದು ನೀರು ಬೇಕೆಂದು ಕೂಗುತ್ತಿತ್ತು. ಮಗಳು ಎದ್ದು ಕ್ಯಾನಿನ ಕಡೆ ಹೋದಳು, ಅಕ್ಕ ಬಾಟಲಿ ತುಂಬಿದರು.

ಬಾಟಲಿಗೆ ಅಂಟಿಸುವ ಚೀಟಿಯ ಮೇಲೆ ಮನೆಯವರೊಬ್ಬರ ಸಹಿ ಬೇಕು. ಬೀಗರು ಹಾಕುವುದಿಲ್ಲವೆಂದರು. ಅಳಿಯ ಅಪ್ಪನ ಮುಖ ನೋಡಿದ. ಮಗಳು ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಸಹಿ ಮಾಡಿದಳು. ಬಾಟಲಿ ಮಂಜುಗಡ್ಡೆಯೊಳಗೆ ಹೋಯಿತು.

ಫಲಿತಾಂಶ ಬಂದಾಗ ನೀರಿನಲ್ಲಿ ಕ್ರೋಮ್ ಮಿತಿಗಿಂತ ಮೂವತ್ತು ಪಟ್ಟು. ಶೆಡ್ಡಿನ ಪಕ್ಕದ ಬಾವಿಯಲ್ಲೂ ಅಷ್ಟಿರಲಿಲ್ಲ. ಬೀಗರದು ನೆಲದ ಮೇಲೆ ಬೀದಿಯ ಕೊನೆಯ ಮನೆ. ನೆಲದ ಕೆಳಗೆ ನೀರೆಲ್ಲ ಹರಿದು ಸೇರುವುದು ಆ ಕಡೆಗೇ. ಅಕ್ಕ ಅಧಿಕಾರಿಯ ಮುಂದೆ ನಿಂತು, ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಬೇಡಿಕೊಂಡರು. ಹನ್ನೆರಡು ವರ್ಷದಲ್ಲಿ ಅವರು ಹಾಗೆ ಕೇಳಿದ್ದು ಅದೊಂದೇ ಸಲ. ಎರಡನೇ ಸಲವೂ ಅಷ್ಟೇ ಬಂತು. ಆ ಸಂಜೆ ಮನೆಗೆ ಹೋಗಿ ಕುಡಿಯಲು ನೀರು ಬಗ್ಗಿಸಿಕೊಂಡು, ಲೋಟ ಹಾಗೇ ಹಿಡಿದು ಎಷ್ಟೋ ಹೊತ್ತು ನಿಂತಿದ್ದರು ಎಂದು ಗಂಡ ಹೇಳುತ್ತಾರೆ. ಅವರ ಮನೆಯದು ನಲ್ಲಿ ನೀರು. ಆದರೂ ಕುಡಿಯುವ ಮೊದಲು ಈಗಲೂ ಬೆಳಕಿಗೆ ಹಿಡಿದು ನೋಡುತ್ತಾರೆ.

ವೈದ್ಯರು ಫಲಿತಾಂಶದ ಕಾಗದ ನೋಡಿ, ಇದನ್ನು ತಂದದ್ದು ಒಳ್ಳೆಯದಾಯಿತು, ಏನು ಹುಡುಕಬೇಕೆಂದು ನಮಗೆ ತಿಳಿಯಿತು ಎಂದಿದ್ದಾರೆ. ಮಗುವಿನ ಮೂತ್ರಪಿಂಡ, ಯಕೃತ್ತುಗಳ ಪರೀಕ್ಷೆ ಆರಾರು ತಿಂಗಳಿಗೊಮ್ಮೆ ಆಗಬೇಕು. ಎಷ್ಟು ವರ್ಷ ಎಂದು ಕೇಳಿದ್ದಕ್ಕೆ ಅವರು ಸದ್ಯಕ್ಕೆ ಹೇಳಲಾಗದು ಎಂದರಂತೆ. ಮೊದಲ ಪರೀಕ್ಷೆಯಲ್ಲಿ ಏನೂ ಕಂಡಿಲ್ಲ. ಎರಡನೆಯದು ಮುಂದಿನ ತಿಂಗಳು.

ಅಕ್ಕನಿಗೆ ಬೇರೆ ಆಸೆಗಳಿಲ್ಲ. ಬಡ್ತಿ ಕೊಡುತ್ತೇವೆಂದರೂ ಬೇಡವೆನ್ನುತ್ತಾರೆ. “ಆ ಪರೀಕ್ಷೆ ಒಂದು ಚೆನ್ನಾಗಿ ಬಂದ್ರೆ ಸಾಕು. ಆಮೇಲೆ ಅದರ ಮುಂದಿನದು” ಎಂದು ಪೆಟ್ಟಿಗೆಯ ಬೆಲ್ಟು ಭುಜಕ್ಕೇರಿಸಿ ಎದ್ದು ನಿಲ್ಲುತ್ತಾರೆ.

ಹತ್ತೊಂಬತ್ತರಲ್ಲಿ ಹನ್ನೊಂದು ಮನೆಗಳು ಪಟ್ಟಿಗೆ ಸೇರಿದವು. ಬೀದಿಗೆ ನಲ್ಲಿ ನೀರು ಬಂದಿದೆ. ಕೊಳ್ಳಲು ಬಂದಿದ್ದ ಸಂಸಾರ ಮುಂಗಡ ವಾಪಸು ಪಡೆದು ಬೇರೆಲ್ಲೋ ಮನೆ ಹಿಡಿದಿದೆ. ಬೀಗರ ಮನೆಯನ್ನು ಆಮೇಲೆ ಯಾರೂ ನೋಡಲು ಬಂದಿಲ್ಲ. ಮಗಳು ಮಗು ಅಲ್ಲೇ ಇದ್ದಾರೆ. ಸಹಿ ಹಾಕಿದ್ದಕ್ಕೆ ಅತ್ತೆ ಮಾವ ಅವಳೊಂದಿಗೆ ಮಾತು ಬಿಟ್ಟಿದ್ದಾರೆ. ಮೋಟರು ಎರಡನೇ ಸಲ ಹಾಕಿದ್ದಕ್ಕೆ ಅವಳು ತಾಯಿಯೊಂದಿಗೆ ಬಿಟ್ಟಿದ್ದಾಳೆ. ಆಸ್ಪತ್ರೆಯ ದಿನ ಮಾತ್ರ ಮಗುವಿನ ಇನ್ನೊಂದು ಕೈಯನ್ನು ಅಜ್ಜಿಗೆ ಹಿಡಿಯಲು ಬಿಡುತ್ತಾಳೆ.